ಪಾಸ್ತಾಗೆ ಕೆಚಪ್ ಯಾಕೆ?

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಪಾಸ್ತಾ ಮಾಡುವ ವಿಧಾನ ಬಂದಿತ್ತು. ಅರ್ಧ ಕಪ್ ಟೊಮೆಟೊ ಕೆಚಪ್, ಮೇಲೆ ಚಾಟ್ ಮಸಾಲ! ಟೊಮೆಟೊ ಬೆಳೆಯುವ ಕೋಲಾರ ಜಿಲ್ಲೆಯವಳಾಗಿ ಸುಮ್ಮನಿರಲು ಆಗಲಿಲ್ಲ. ಸಕ್ಕರೆ, ವಿನೆಗರ್ ಬಿದ್ದ ಕೆಚಪ್ ಬೋಂಡಾ ಅದ್ದಿಕೊಳ್ಳಲು ಸರಿ. ಪಾಸ್ತಾಗೆ ಸುರಿದರೆ ಸಿಹಿ ಬಿಟ್ಟು ಬೇರೇನೂ ನಾಲಿಗೆಗೆ ಹತ್ತುವುದಿಲ್ಲ.

ಇಟಲಿಯ ನೇಪಲ್ಸ್ ಕಡೆಯವರ ಸಾದಾ ಸಾಸ್‌ಗೆ ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಉಪ್ಪು, ಬೇಸಿಲ್ ಎಲೆ ಇದ್ದರೆ ಆಯಿತು. ರಜೆಗೆ ಮೊಮ್ಮಕ್ಕಳು ಬಂದಾಗ ನಾನು ಮಾಡುವುದೂ ಅದನ್ನೇ. ಒಂದು ಕೆ.ಜಿ. ಚೆನ್ನಾಗಿ ಮಾಗಿದ ಹಣ್ಣಿನ ಬುಡ ಗೀರಿ, ಕುದಿಯುವ ನೀರಿಗೆ ಹಾಕಿ ಒಂದು ನಿಮಿಷಕ್ಕೆ ತೆಗೆದರೆ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಆರಿದ ಮೇಲೆ ಕೈಯಲ್ಲೇ ಹಿಸುಕಬೇಕು. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಕೆಂಪು ಹೋಗಿ ಕಿತ್ತಳೆ ಬಣ್ಣ ಬರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ (ಆಲಿವ್ ದುಬಾರಿ ಎನಿಸಿದರೆ ಕಡಲೆಕಾಯಿ ಎಣ್ಣೆ, ಪರಿಮಳ ಬೇರೆ ಅಷ್ಟೇ) ಜಜ್ಜಿದ ಬೆಳ್ಳುಳ್ಳಿ ಹಾಕಿ, ಅದು ಕೆಂಪಾಗಿ ಕಹಿಯಾಗುವ ಮೊದಲೇ ಟೊಮೆಟೊ, ಉಪ್ಪು ಸೇರಿಸಿ. ಸಾಸಿವೆ ಡಬ್ಬಿಗೆ ಕೈ ಹೋಗುತ್ತದೆ, ತಡೆದುಕೊಳ್ಳಿ. ಒಗ್ಗರಣೆ ಬಿದ್ದರೆ ಅದು ಗೊಜ್ಜು. ಸಣ್ಣ ಉರಿಯಲ್ಲಿ ಅರ್ಧ, ಮುಕ್ಕಾಲು ಗಂಟೆ ಬೇಯಲಿ. ಸೌಟು ಎಳೆದರೆ ತಳ ಕಾಣಬೇಕು, ಅಂಚಿನಲ್ಲಿ ಎಣ್ಣೆ ಬಿಡಬೇಕು. ನಾಟಿ ಹಣ್ಣಿಗೆ ನೀರು ಜಾಸ್ತಿ, ಇನ್ನಷ್ಟು ಹೊತ್ತು ಬೇಕು. ರುಚಿಯ ಮಾತಿಗೆ ಬಂದರೆ ಹೈಬ್ರಿಡ್ ಅದರ ಹತ್ತಿರವೂ ಸುಳಿಯದು. ಬೇಸಿಲ್ ಸಿಗದಿದ್ದರೆ ಹಿತ್ತಲ ಕಾಮಕಸ್ತೂರಿ ನಾಲ್ಕು ಎಲೆ ಹರಿದು ಕೊನೆಯಲ್ಲಿ ಹಾಕಿ, ಅದೂ ಅದೇ ಜಾತಿಯ ಗಿಡ. ಪಾಸ್ತಾ ಬೇಯಿಸಿದ ನೀರು ಚೆಲ್ಲಬೇಡಿ. ಅದರ ಗಂಜಿಯಿಂದಲೇ ಸಾಸ್ ಪಾಸ್ತಾಗೆ ಅಂಟುವುದು, ಒಂದು ಸೌಟು ಬೆರೆಸಿ.

2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಬೆಲೆ ನೆಲಕಚ್ಚಿ ರೈತರು ಹಣ್ಣನ್ನು ರಸ್ತೆಗೆ ಸುರಿಯುವಾಗಲೂ ಫೋಟೊ ಹಾಕುತ್ತೀರಿ, ಸಂತೋಷ. ಪುರವಣಿಯಲ್ಲಿ ಮಾತ್ರ ಬಾಟಲಿ ಕೆಚಪ್! ಈ ಸಾಸ್ ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಒಂದೊಂದು ಮನೆಯವರು ಐದೈದು ಕೆ.ಜಿ. ಹೆಚ್ಚಿಗೆ ಕೊಂಡರೆ ಮಂಡಿಯ ಬೆಲೆ ಏರುತ್ತದೆಂಬ ಭ್ರಮೆ ನನಗಿಲ್ಲ. ಆದರೂ ಬೆಲೆ ಕುಸಿದ ವಾರವೇ ಇಂಥ ಅಡುಗೆಗಳನ್ನು ಪ್ರಕಟಿಸಿ ಎಂದು ಸಂಪಾದಕರಲ್ಲಿ ಕೋರುತ್ತೇನೆ.

– ಒಬ್ಬ ಓದುಗಿ, ಶ್ರೀನಿವಾಸಪುರ