ಅಪ್ಪನ ಎದೆಗೆ ಸ್ಟೆತಸ್ಕೋಪ್ ಇಡಿಸು

ಬರ್ಮಿಂಗ್‌ಹ್ಯಾಮ್

ಪ್ರೀತಿಯ ತಮ್ಮನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಇದನ್ನು ಫೋನಿನಲ್ಲೇ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿರುತ್ತೀಯ. ಅಪ್ಪ ಪಕ್ಕದಲ್ಲೇ ಕೂತು 'ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ' ಅಂತ ಮಾತು ತುಂಡರಿಸಿಬಿಡುತ್ತಾರೆ. ಅದಕ್ಕೇ ಈ ಪತ್ರ, ನೀನೊಬ್ಬನೇ ಓದು.

ಮೊನ್ನೆ ಅಡಿಕೆ ರೇಟಿನ ಮಾತಿನ ಮಧ್ಯೆ ನೀನು ಒಂದು ವಿಷಯ ಹೇಳಿದೆ. ಅಪ್ಪ ತೋಟಕ್ಕೆ ಹೋಗುವುದು ಕಮ್ಮಿ ಮಾಡಿದ್ದಾರೆ, ದಿಬ್ಬ ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾರೆ, ವಯಸ್ಸಾಯ್ತಲ್ಲ ಅಂತ. ನಾನು ಕೆಲಸ ಮಾಡುವ ಎಕೋ ರೂಮಿಗೆ, ಅಂದರೆ ಹೃದಯದ ಸ್ಕ್ಯಾನ್ ಮಾಡುವ ಕೋಣೆಗೆ, ಬರುವ ವಯಸ್ಸಾದವರೂ ಇದನ್ನೇ ಹೇಳುತ್ತಾರೆ. 'ಸುಸ್ತೇನೂ ಇಲ್ಲ' ಎನ್ನುತ್ತಾರೆ. ಕೆದಕಿ ಕೇಳಿದರೆ ಮಹಡಿ ಹತ್ತುವುದನ್ನೇ ಬಿಟ್ಟು, ಹಾಸಿಗೆ ಕೆಳಗೇ ಹಾಕಿಸಿಕೊಂಡಿರುತ್ತಾರೆ. ಹತ್ತದಿದ್ದ ಮೇಲೆ ಸುಸ್ತು ಎಲ್ಲಿಂದ ಬರಬೇಕು? ಇದು ಬರೀ ವಯಸ್ಸಲ್ಲ, ಹೃದಯದ ಕವಾಟ ಕೆಟ್ಟದ್ದೂ ಇರಬಹುದು.

ಎಡಮಗ್ಗುಲಿಗೆ ಮಲಗಿಸಿ, ಜೆಲ್ ಹಚ್ಚಿ, ಪಕ್ಕೆಲುಬುಗಳ ಸಂದಿಯಲ್ಲಿ ಸ್ಕ್ಯಾನಿನ ಪ್ರೋಬ್ ಒತ್ತಿದರೆ ಅಯೋರ್ಟಿಕ್ ಕವಾಟ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಪರದೆಯ ಮೇಲೆ ಬರುತ್ತದೆ. ಅದಕ್ಕೆ ಮೂರು ತೆಳು ಎಸಳು. ಸರಿಯಿದ್ದರೆ ಪ್ರತಿ ಬಡಿತಕ್ಕೂ ಪೂರ್ತಿ ತೆರೆದು ಗೋಡೆಗೆ ಒರಗುತ್ತವೆ, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಸುಣ್ಣ ಕಟ್ಟಿದ್ದರೆ ದಪ್ಪಗೆ, ಬೆಳ್ಳಗೆ ಹೊಳೆಯುತ್ತ ಅಲುಗಾಡದೆ ನಿಂತಿರುತ್ತವೆ. ನಡುವಿನ ಸಣ್ಣ ಸಂದಿಯಲ್ಲಿ ರಕ್ತ ನುಗ್ಗುವ ಸದ್ದು ಮೆಷಿನ್ನಿನಲ್ಲಿ ಬುಸ್ ಬುಸ್ ಅಂತ ಕೇಳುತ್ತದೆ. ಅಪ್ಪನಿಗೆ ತಿಳಿಸಿ ಹೇಳಬೇಕಾದರೆ ಬಾವಿಯ ಫುಟ್‌ವಾಲ್ವ್ ನೆನಪಿಸು. ಅದು ಕಟ್ಟಿಕೊಂಡರೆ ನೀರು ಏರುವುದಿಲ್ಲ, ಸೋರಿದರೆ ಏರಿದ ನೀರೂ ವಾಪಸ್. ಎರಡರಲ್ಲೂ ಒದ್ದಾಡುವುದು ಮೋಟಾರು.

ಇಲ್ಲಿಯವರಿಗೂ ಹಾರ್ಟ್ ಅಟ್ಯಾಕ್ ಗೊತ್ತು, ಕವಾಟ ಗೊತ್ತಿಲ್ಲ. ಅದಕ್ಕೆಂದೇ ಯುರೋಪಿನಲ್ಲಿ ಸೆಪ್ಟೆಂಬರಿನಲ್ಲಿ ಒಂದು ವಾರ, ಅಮೆರಿಕದಲ್ಲಿ ಫೆಬ್ರವರಿ 22ರಂದು ಜನರಿಗೆ ತಿಳಿಹೇಳುವ ಕಾರ್ಯಕ್ರಮಗಳು ನಡೆಯುತ್ತವೆ. ಇಲ್ಲಿಯ ಹಾರ್ಟ್ ವಾಲ್ವ್ ವಾಯ್ಸ್ ಎಂಬ ಸಂಸ್ಥೆ ಕೇಳುವುದು ದೊಡ್ಡದೇನಲ್ಲ: ವಯಸ್ಸಾದವರ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಅಷ್ಟೇ. 1816ರಲ್ಲಿ ಪ್ಯಾರಿಸಿನ ಡಾಕ್ಟರ್ ಲೆನೆಕ್ ಕಾಗದದ ಸುರುಳಿ ಸುತ್ತಿ ಶುರುಮಾಡಿದ ಸಾಧನ ಅದು. ಇವತ್ತಿಗೂ ಕವಾಟ ಕೆಟ್ಟಿದೆ ಎಂಬ ಮೊದಲ ಸುಳಿವು, ಬಡಿತದ ಜೊತೆಗಿನ ಬುಸುಗುಟ್ಟುವ ಸದ್ದು, ಎಷ್ಟೋ ಸಲ ಅದರಲ್ಲೇ ಸಿಗುತ್ತದೆ. ನಮ್ಮ ಕಡೆ ಬಿಪಿ, ಶುಗರ್, ಇಸಿಜಿ ಆದರೆ ಮುಗಿಯಿತು. ಇಸಿಜಿ ನಾರ್ಮಲ್ ಎಂದ ಮಾತ್ರಕ್ಕೆ ಕವಾಟ ಸರಿಯಿದೆ ಎಂದಲ್ಲ. ಅಂಗಿಯ ಮೇಲೇ ಒಮ್ಮೆ ಇಟ್ಟು ತೆಗೆಯುವುದನ್ನು ನಾನಂತೂ ಪರೀಕ್ಷೆ ಅನ್ನುವುದಿಲ್ಲ.

ಚಿಕ್ಕಮ್ಮನದು ಬೇರೆ ಕಥೆ, ಆದರೆ ಮೂಲ ಕವಾಟವೇ. ಚಿಕ್ಕವಳಿದ್ದಾಗ ಗಂಟಲುನೋವು, ಆಮೇಲೆ ಇವತ್ತು ಮಂಡಿ ನಾಳೆ ಮೊಣಕೈ ಅಂತ ಊತ. ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಅಂತ ಅಜ್ಜಿ ಎಣ್ಣೆ ತಿಕ್ಕಿದರಂತೆ. ಅದು ರುಮ್ಯಾಟಿಕ್ ಜ್ವರ, ಗಂಟಲಿನ ಸೋಂಕಿನ ಬೆನ್ನಿಗೆ ಬಂದು ಕೀಲು, ಹೃದಯ ಎರಡನ್ನೂ ಕಾಡುವ ಕಾಯಿಲೆ. ಕೀಲುನೋವು ಹೋಯಿತು, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಒಳಗೊಳಗೇ ಅಂಟಿಕೊಳ್ಳುತ್ತ ಬಂತು. ಬಸುರಿಯಾದಾಗ ಉಸಿರು ಕಟ್ಟಿದ ಮೇಲೇ ಗೊತ್ತಾಗಿದ್ದು. ಹೆರಿಗೆ ಆದ ಮೇಲೆ ಜಯದೇವದಲ್ಲಿ ಬಲೂನ್ ಹಾಕಿ ಬಿಡಿಸಿದರು. ಬಲೂನ್ ಕಾಣದೆ ಹೋದವರು ಎಷ್ಟು ಜನವೋ. ಆ ಜ್ವರ ಬಂದಾಗಲೇ ಗುರುತಿಸಿದ್ದರೆ ಮೂರು-ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ ತಪ್ಪದೆ, ಮತ್ತೆ ಬರದ ಹಾಗೆ ತಡೆಯುತ್ತಿತ್ತು. ನಿನ್ನ ಮಗಳಿಗೆ ಗಂಟಲುನೋವಿನ ಬೆನ್ನಿಗೇ ಕೀಲುನೋವು ಬಂದರೆ ಎಣ್ಣೆ ಬಾಟಲಿ ಹುಡುಕಬೇಡ.

ಅಪ್ಪ ಆಪರೇಷನ್ ಅಂದರೆ ಹೆದರುತ್ತಾರೆ, ಗೊತ್ತು. ಮೊದಲು ಕವಾಟ ಕೆಟ್ಟಿದೆಯೋ ಇಲ್ಲವೋ ತಿಳಿಯಲಿ. ಸ್ವಲ್ಪವೇ ಕಿರಿದಾಗಿದ್ದರೆ ಆಗಾಗ ಎಕೋ ಮಾಡಿಸುತ್ತಿದ್ದರೆ ಸಾಕು. ಜಾಸ್ತಿಯಾಗಿದ್ದರೂ ಎದೆ ಸೀಳಲೇಬೇಕೆಂದಿಲ್ಲ. 2002ರಲ್ಲಿ ಫ್ರಾನ್ಸಿನ ರುವಾಂನಲ್ಲಿ ಡಾಕ್ಟರ್ ಅಲೆನ್ ಕ್ರಿಬಿಯೆ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಿದರು. ಈಗ ಬೆಂಗಳೂರಿನಲ್ಲೂ ಮಾಡುತ್ತಾರೆ. ಖರ್ಚು ಮಾತ್ರ ಜೋರು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಕಾಯುವುದೇ ಅಪಾಯ. ಕವಾಟ ತೀರಾ ಕಿರಿದಾಗಿ ಉಸಿರು ಕಟ್ಟುವುದು, ಎದೆನೋವು, ತಲೆಸುತ್ತಿ ಬೀಳುವುದು ಶುರುವಾದ ಮೇಲೆ ಸುಮ್ಮನಿದ್ದರೆ ಅರ್ಧದಷ್ಟು ಜನ ಎರಡು ವರ್ಷ ದಾಟುವುದಿಲ್ಲ. ಇದನ್ನು ಅಮ್ಮನಿಗೆ ಹೇಳಬೇಡ.

ಸೋಮವಾರ ಹಾಸನಕ್ಕೆ ಕರೆದುಕೊಂಡು ಹೋಗು, ಗೊಬ್ಬರ ತರುವ ನೆಪ ಹೇಳು. ಅಂಗಿ ಬಿಚ್ಚಿಸಿ ಎದೆ ಕೇಳಿ ಅಂತ ನೀನೇ ಬಾಯಿಬಿಟ್ಟು ಡಾಕ್ಟರಿಗೆ ಹೇಳು, ಸಂಕೋಚ ಬೇಡ. ಸದ್ದು ಕೇಳಿಸದಿದ್ದರೂ ಈ ಏದುಸಿರಿಗೆ ಎಕೋ ಬರೆಸಿಕೋ. ರಿಪೋರ್ಟಿನ ಎಲ್ಲ ಹಾಳೆಗಳ ಫೋಟೋ ವಾಟ್ಸಾಪ್ ಮಾಡು, ಬರೀ ಕೊನೆಯ ಪುಟವಲ್ಲ.

ನಿನ್ನ ಅಕ್ಕ