ಒಣಗಿಸುವುದನ್ನು ಕಲಿಸಿದ ಅಕ್ಕನಿಗೆ, ಮತ್ತು ಉಳಿದವರಿಗೆ

ರಥಸಪ್ತಮಿಯಂದು, ಸವಿತಾ ಮಹರ್ಷಿ ಜಯಂತಿಯ ದಿನವೇ, ತೀರ್ಥಹಳ್ಳಿಯಲ್ಲಿ ಅಪ್ಪನ ಕ್ಷೌರದ ಅಂಗಡಿಯ ಬಾಗಿಲು ಮತ್ತೆ ತೆರೆದೆವು. ಎರಡು ಹಳೆಯ ಕುರ್ಚಿಗಳಲ್ಲಿ ಒಂದಕ್ಕೆ ಹೊಸ ರೆಗ್ಜಿನ್ ಹಾಕಿಸಿದ್ದೇನೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಪಟಿಕದ ಕಲ್ಲಿನ ಪಕ್ಕಕ್ಕೆ ಈಗ ಒಂದು ಹೇರ್ ಡ್ರೈಯರ್ ಬಂದು ಕುಳಿತಿದೆ. ಶಿವಮೊಗ್ಗದಲ್ಲಿ ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದೇನೆ. ಮಳೆಗಾಲದಲ್ಲಿ ಅಪ್ಪ ಆಸ್ಪತ್ರೆ ಸೇರಿದಾಗ ನಮ್ಮ ಮನೆಗೆ ಏನಾಯಿತೆಂದು ಇದನ್ನು ಓದುತ್ತಿರುವ ಹೆಚ್ಚಿನವರಿಗೆ ಗೊತ್ತು. ಆಗ ಫೋನ್ ಮಾಡಿ ವಿಚಾರಿಸಿದವರೇ ನೀವು. ಅದನ್ನು ಮತ್ತೆ ಬರೆಯುವುದಿಲ್ಲ. ಅಪ್ಪನ ಬಲಗೈಗೆ ಇನ್ನೂ ಕತ್ತರಿ ಹಿಡಿಯುವಷ್ಟು ಬಲ ಬಂದಿಲ್ಲ, ಉಳಿದಂತೆ ಆರಾಮಾಗಿದ್ದಾರೆ.

ಕೇಳದೆಯೇ ರಜೆ ಕೊಟ್ಟು, ಆ ತಿಂಗಳ ಸಂಬಳವನ್ನೂ ಹಿಡಿಯದ, ಶಿವಮೊಗ್ಗದಲ್ಲಿ ನಾನು ಕೆಲಸಕ್ಕಿದ್ದ ಸಲೂನಿನ ಮಾಲೀಕರಿಗೆ, ಔಷಧಿಗೆಂದು ಹಣ ಕೂಡಿಸಿದ ನಮ್ಮ ಸವಿತಾ ಸಮಾಜದ ಹಿರಿಯರಿಗೆ, ಅಮ್ಮನಿಗೆ ದಿನವೂ ಊಟ ಕಳಿಸಿದ ಅತ್ತೆಗೆ, ಸಂಜೆಯಾದರೆ ತಲೆ ಒದ್ದೆ ಮಾಡಿಸಿಕೊಂಡು ನನ್ನ ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದ ರೂಮಿನ ಗೆಳೆಯರಿಗೆ ನಾನು ಋಣಿ. ಪಿಎಂ ವಿಶ್ವಕರ್ಮ ಯೋಜನೆಯ ಅರ್ಜಿ ತುಂಬಿಸಿಕೊಟ್ಟ ಪಂಚಾಯಿತಿಯ ಹುಡುಗನಿಗೂ. 2023ರಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಸೇರಿದೆ, ಉಪಕರಣಗಳಿಗೆ 15,000 ರೂಪಾಯಿವರೆಗಿನ ವೋಚರ್ ಸಿಗುತ್ತದೆ. ಮನೆಗೆ ಒಬ್ಬರಿಗಷ್ಟೇ ಅವಕಾಶ. ಅಪ್ಪ ತಮ್ಮ ಹೆಸರು ಬೇಡವೆಂದು ನನ್ನ ಹೆಸರು ಬರೆಸಿದರು.

ಇನ್ನು ಅಕ್ಕ. ಸಲೂನಿನ ಪಕ್ಕದ ಲೇಡೀಸ್ ಬ್ಯೂಟಿ ಪಾರ್ಲರ್ ಅವರದು. ಹೆಸರು ಹಾಕಿದರೆ ಜಗಳಕ್ಕೆ ಬರುತ್ತಾರೆ, ಆದ್ದರಿಂದ ಅಕ್ಕ ಎಂದೇ ಬರೆಯುತ್ತೇನೆ.

ನಾನು ಶಿವಮೊಗ್ಗಕ್ಕೆ ಹೋಗುವಾಗ ಕತ್ತರಿ, ಬಾಚಣಿಗೆ, ರೇಜರ್ ಎಲ್ಲವೂ ಕೈಗೆ ಬಂದಿದ್ದವು. ಅಪ್ಪನ ಪಕ್ಕದಲ್ಲೇ ನಿಂತು ಬೆಳೆದವನು ನಾನು. ನಮ್ಮ ಅಂಗಡಿಯಲ್ಲಿ ಕಟಿಂಗ್ ಆದ ಮೇಲಿನ ಕೆಲಸವೆಂದರೆ ಕುತ್ತಿಗೆಗೆ ಪೌಡರ್, ತಲೆಗೆ ಒಂದಿಷ್ಟು ನೀರು ಚಿಮುಕಿಸಿ ಬೈತಲೆ ತೆಗೆಯುವುದು, ಕೇಳಿದವರಿಗೆ ಕೊಬ್ಬರಿ ಎಣ್ಣೆ. ಪೇಟೆಯ ಸಲೂನಿನಲ್ಲಿ ಅಲ್ಲಿಂದ ಮುಂದಕ್ಕೇ ಅರ್ಧ ಕೆಲಸ ಇರುತ್ತದೆ. ಕಟಿಂಗಿನ ಗುಣ ಗಿರಾಕಿಗೆ ತಿಳಿಯುವುದು ವಾರ ಕಳೆದು ಕೂದಲು ಬೆಳೆಯತೊಡಗಿದಾಗ. ಫಿನಿಶಿಂಗ್ ಹೇಗಿದೆಯೆಂದು ಕುರ್ಚಿಯಿಂದ ಏಳುವ ಮೊದಲೇ ತಿಳಿದುಬಿಡುತ್ತದೆ. ಅದನ್ನು ಹೇಳಿಕೊಡುವ ವ್ಯವಧಾನ ಭಾನುವಾರದ ಸಾಲಿನ ನಡುವೆ ಯಾರಿಗಿರುತ್ತದೆ?

ಅಕ್ಕ ಹೇಳಿಕೊಟ್ಟರು. ಮಂಗಳವಾರ ನಮಗೆ ರಜೆ, ಅವರ ಪಾರ್ಲರ್ ತೆರೆದಿರುತ್ತಿತ್ತು. ಗಿರಾಕಿ ಇಲ್ಲದ ಹೊತ್ತು ನೋಡಿ ಕರೆಯುತ್ತಿದ್ದರು. ಮೊದಲು ಟವೆಲ್ ಕಿತ್ತುಕೊಂಡರು. ಕೂದಲನ್ನು ಉಜ್ಜಬಾರದು, ಒತ್ತಿ ನೀರು ತೆಗೆಯಬೇಕು. ಡ್ರೈಯರಿನ ಮೂತಿ ಬುಡದಿಂದ ತುದಿಯ ಕಡೆಗೇ ಇರಬೇಕು, ಆಗ ಕೂದಲಿನ ಮೇಲಿನ ಪದರ ಮಲಗಿ ಹೊಳಪು ಬರುತ್ತದೆ. ಎದುರು ಹಿಡಿದರೆ ಪೊರಕೆ. ಒಂದೇ ಕಡೆ ನಿಲ್ಲಿಸಬಾರದು. ನೆತ್ತಿಯ ಸುಳಿಯ ಹತ್ತಿರ ಕೂದಲು ಎದ್ದು ನಿಲ್ಲುವವರಿಗೆ ಅಲ್ಲಿ ಹಸಿ ಇರುವಾಗಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಗಾಳಿ ಕೊಟ್ಟು ಬುಡವನ್ನು ಪಳಗಿಸಬೇಕು; ಒಣಗಿದ ಮೇಲೆ ಎಷ್ಟು ಜೆಲ್ ಸುರಿದರೂ ಅದು ಬಗ್ಗುವುದಿಲ್ಲ. ಹಣೆಯ ಮೇಲೆ ಎತ್ತಿ ನಿಲ್ಲಿಸುವುದಿದ್ದರೆ ರೌಂಡ್ ಬ್ರಷ್ಷಿನಲ್ಲಿ ಸುತ್ತಿ ಬಿಸಿ ಕೊಟ್ಟು, ಬ್ರಷ್ ಬಿಡಿಸದೆಯೇ ತಣ್ಣನೆ ಗಾಳಿಯ ಗುಂಡಿ ಒತ್ತಬೇಕು. ಎಲ್ಲರೂ ಅವಸರ ಮಾಡುವುದು ಅಲ್ಲೇ, ಸಂಜೆಯೊಳಗೆ ಕುಸಿದು ಬೀಳುವುದೂ ಅದಕ್ಕೇ.

ಯಾಕೆ ಎಂದು ಕೇಳಿದರೆ ಬೈಯುವವರಲ್ಲ ಅಕ್ಕ. ಬಿಎಸ್ಸಿ ಓದಿದವರು. ಕೂದಲಿನ ಪ್ರೋಟೀನಾದ ಕೆರಾಟಿನ್‌ನಲ್ಲಿರುವ ಹೈಡ್ರೋಜನ್ ಬಂಧಗಳು ನೀರು ತಾಗಿದಾಗ ಬಿಚ್ಚಿಕೊಳ್ಳುತ್ತವೆ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಳ್ಳುವ ಆ ಗಳಿಗೆಯಲ್ಲಿ ಕೂದಲು ಯಾವ ಆಕಾರದಲ್ಲಿರುತ್ತದೆಯೋ ಅದೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ಬಂಧಗಳು ಮತ್ತೆ ಸಡಿಲವಾಗುತ್ತವೆ. ಆಗುಂಬೆ ಇರುವ ತಾಲ್ಲೂಕಿನವನಿಗೆ ಇದಕ್ಕಿಂತ ಉಪಯೋಗದ ಪಾಠ ಬೇರೆ ಬೇಕಿರಲಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನಲ್ಲಿ ಬುಡ ಪೂರ್ತಿ ಒಣಗದ ತಲೆಯನ್ನು ಹೊರಗೆ ಕಳಿಸಿದರೆ ಅದು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಹಳೆಯ ತಲೆಯೇ ಆಗಿರುತ್ತದೆ.

ಆಮೇಲೆ ಆ ರಾತ್ರಿ ಬಂತು.

ಆಸ್ಪತ್ರೆಯವರು ಒಂದರ ಹಿಂದೆ ಒಂದು ಕಾಗದ ತಂದು ಸಹಿ ಕೇಳುತ್ತಿದ್ದರು, ಎಲ್ಲವೂ ಇಂಗ್ಲಿಷಿನಲ್ಲಿ. ಅಕ್ಕ ಒಂದು ಚೀಲದಲ್ಲಿ ಕಷಾಯದ ಫ್ಲಾಸ್ಕ್, ಫೋನ್ ಚಾರ್ಜರ್, ಒಂದು ಶಾಲು ಹಾಕಿಕೊಂಡು ಬಂದರು. ಅಮ್ಮನನ್ನು ತಮ್ಮ ಗಂಡನ ಜೊತೆ ಮನೆಗೆ ಕಳಿಸಿ ಮಲಗಲು ಹೇಳಿದರು. ಪ್ರತಿ ಕಾಗದವನ್ನೂ ಓದಿ, ಕನ್ನಡದಲ್ಲಿ ಹೇಳಿ, ನನಗೆ ಅರ್ಥವಾಯಿತೆಂದು ಖಾತ್ರಿಯಾದ ಮೇಲೆಯೇ ಪೆನ್ನು ಕೊಟ್ಟರು. ನಡುರಾತ್ರಿ ಕಳೆದ ಮೇಲೆ ನಾನು ಕುರ್ಚಿಗಳನ್ನು ಮಾರಿಬಿಡುತ್ತೇನೆ, ಈ ಕಸುಬೇ ಬೇಡ, ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರುತ್ತೇನೆ ಎಂದೆಲ್ಲ ಹೇಳತೊಡಗಿದೆ. ಜೀವಮಾನವಿಡೀ ಊರಿನ ತಲೆಗಳನ್ನು ಅಂದಗಾಣಿಸಿದ ಮನುಷ್ಯನನ್ನು ಬೆಳಿಗ್ಗೆ ಎದುರು ಕಂಡರೆ ಮುಖ ತಿರುಗಿಸಿಕೊಂಡವರ ಹೆಸರುಗಳನ್ನೂ ಹೇಳಿದೆ. ಎಲ್ಲಿಟ್ಟುಕೊಂಡಿದ್ದೆನೋ ಅಷ್ಟೂ ಸಿಟ್ಟನ್ನು. ಒಳಗೆ ಅಪ್ಪ ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯದೆ ನಾನು ಊರಿನವರನ್ನು ಬೈಯುತ್ತಾ ಕುಳಿತಿದ್ದೆ.

ಅಕ್ಕ ಸಮಾಧಾನ ಹೇಳಲಿಲ್ಲ. “ಅಳುವುದಾದರೆ ಈಗಲೇ ಅತ್ತುಬಿಡು ತಮ್ಮಾ, ಬೆಳಿಗ್ಗೆ ಅಮ್ಮ ಬರುತ್ತಾರೆ” ಎಂದರು. ನಾನು ಅತ್ತುಬಿಟ್ಟೆ. ಅವರು ಅತ್ತಿತ್ತ ನೋಡದೆ ಪಕ್ಕದಲ್ಲೇ ಕುಳಿತಿದ್ದರು. ಬೆಳಕು ಹರಿದು ಡಾಕ್ಟರು ಹೊರಗೆ ಬಂದು ಮಾತಾಡುವವರೆಗೂ ಏಳಲಿಲ್ಲ.

ಅದೇ ಮುಂಜಾನೆ ಅವರಿಗೆ ಒಂದು ಮದುಮಗಳ ಅಲಂಕಾರದ ಕೆಲಸ ಒಪ್ಪಿಗೆಯಾಗಿತ್ತಂತೆ. ಬೆಳಗಿನ ಜಾವದ ಮುಹೂರ್ತ, ಮುಂಗಡವನ್ನೂ ತೆಗೆದುಕೊಂಡಿದ್ದರು. ಆಸ್ಪತ್ರೆಗೆ ಬರುವ ಮೊದಲೇ ಆ ಕೆಲಸವನ್ನು ತಮಗೆ ಎದುರಾಳಿಯೇ ಆದ ಇನ್ನೊಂದು ಪಾರ್ಲರಿನವರಿಗೆ ಮುಂಗಡದ ಸಮೇತ ಒಪ್ಪಿಸಿ ಬಂದಿದ್ದರು. ಇದನ್ನು ನನಗೆ ಹೇಳಿದ್ದು ಅವರಲ್ಲ, ಅವರ ಗಂಡ, ಅದೂ ತಿಂಗಳುಗಳ ಮೇಲೆ, ಮಾತಿನ ನಡುವೆ. ಅಕ್ಕಾ, ನೀವು ಇದನ್ನು ಓದಿ ಅವರ ಮೇಲೆ ಸಿಟ್ಟಾಗಬೇಡಿ.

ಶ್ರಾವಣ ಬಂದು ಗಡ್ಡ, ಕೂದಲು ತೆಗೆಸದವರೇ ಹೆಚ್ಚಾದಾಗ ಸಲೂನಿನಲ್ಲಿ ಕೆಲಸ ಕಡಿಮೆಯಾಯಿತು, ಕಲಿಯಲು ಹೊತ್ತು ಸಿಕ್ಕಿತು. ಕೂದಲು ಕೂರಿಸಲು ಹಚ್ಚುವ ಕ್ಲೇ, ವ್ಯಾಕ್ಸ್, ಪೊಮೇಡ್ ಯಾವ ಕೂದಲಿಗೆ ಯಾವುದು ಎಂಬುದು ಆಗ ಹಿಡಿತಕ್ಕೆ ಬಂತು. ತೆಳ್ಳಗಿನ ಕೂದಲಿಗೆ ಹೊಳಪಿಲ್ಲದ ಕ್ಲೇ, ಅದೂ ಕಡಲೆಕಾಳಿನಷ್ಟು. ಅಂಗೈಯಲ್ಲಿ ಕಾಣದಂತಾಗುವವರೆಗೆ ಉಜ್ಜಿ, ಹಿಂದಲೆಯಿಂದ ಹಚ್ಚುತ್ತಾ ಮುಂದಕ್ಕೆ ಬರಬೇಕು. ಮೊದಲೇ ಹಣೆಯ ಕೂದಲಿಗೆ ಕೈ ಹಾಕಿದರೆ ಪೂರ್ತಿ ಅಲ್ಲೇ ಮೆತ್ತಿಕೊಳ್ಳುತ್ತದೆ. ಪರೀಕ್ಷೆಯ ದಿನ ಪರೀಕ್ಷಕರು ನನ್ನ ಮಾಡೆಲ್‌ನ ಕೂದಲಿನೊಳಗೆ ಬೆರಳು ತೂರಿಸಿ ಬುಡ ಒಣಗಿದೆಯೇ ಎಂದು ಮುಟ್ಟಿ ನೋಡಿದರು. ತಣ್ಣನೆ ಗಾಳಿ ಯಾಕೆ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಬಾಯಿಂದ ಬಂದದ್ದು ಅಕ್ಕನದೇ ಮಾತು, ಅಕ್ಕನದೇ ಧಾಟಿ.

ಅಪ್ಪನಿಗೂ ಒಂದು ಮಾತು. ಅಂಗಡಿ ತೆರೆದ ದಿನ ನಾನು ಮೊದಲ ಗಿರಾಕಿಗೆ ಬ್ಲೋ ಡ್ರೈ ಮಾಡುವುದನ್ನು ನೀವು ಕೊನೆಯವರೆಗೂ ನೋಡಿ, “ಇಷ್ಟು ಹೊತ್ತಿಗೆ ನಾನು ಮೂರು ತಲೆ ಮುಗಿಸುತ್ತಿದ್ದೆ” ಎಂದಿರಿ. ನಿಜವೇ. ಆದರೆ ಆ ಗಿರಾಕಿ ಮುಂದಿನ ವಾರ ತಮ್ಮನನ್ನೂ ಕರೆದುಕೊಂಡು ಬಂದ.

ಊರಿನವರಿಗೆ ಒಂದೆರಡು ಸೂಚನೆ: ಅಂಗಡಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಮಂಗಳವಾರ ರಜೆ. ಕರೆಂಟ್ ಹೋದರೆ ಡ್ರೈಯರ್ ನಡೆಯುವುದಿಲ್ಲ. ಅದು ಎಳೆಯುವ ವಿದ್ಯುತ್ತನ್ನು ನಮ್ಮ ಸಣ್ಣ ಇನ್ವರ್ಟರ್ ತಡೆದುಕೊಳ್ಳುವುದಿಲ್ಲ, ಆದ್ದರಿಂದ ಮದುವೆಗೆ ಹೊರಟವರು ಫೋನ್ ಮಾಡಿ ಬನ್ನಿ. ಕಟಿಂಗಿಗೆ ಹಳೆಯ ದರವೇ. ಗಲ್ಲಾದಲ್ಲಿ ಅಪ್ಪ ಇರುತ್ತಾರೆ, ಚಿಲ್ಲರೆಯನ್ನು ಎಡಗೈಯಿಂದ ಎಣಿಸುತ್ತಾರೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವಸರ ಮಾಡಬೇಡಿ, ಅವರಿಗೆ ಸಹಾಯ ಮಾಡಲೂ ಹೋಗಬೇಡಿ, ಬೈಯುತ್ತಾರೆ.