ಸುಡಾನ್ ಸುದ್ದಿ ಎಲ್ಲಿ ಹೋಯಿತು?

ಮಾನ್ಯರೇ,

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಪತ್ರಿಕೆಗಳ ತುಂಬ ಅದೇ ಸುದ್ದಿಯಿತ್ತು. ಅಲ್ಲಿನ ಡಾರ್ಫರ್ ಪ್ರಾಂತ್ಯದ ಅಲ್ ಫಾಶಿರ್‌ ಊರಿನಲ್ಲಿ ಸಿಲುಕಿದ್ದ ನಮ್ಮ ಹಕ್ಕಿಪಿಕ್ಕಿ ಜನರು ಕೇಂದ್ರ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯಲ್ಲಿ ಮರಳಿದರು, ನಮ್ಮ ಆಸಕ್ತಿಯೂ ಅಲ್ಲಿಗೇ ಮುಗಿಯಿತು.

ಅದೇ ಊರಿಗೆ, ಸುಡಾನ್ ಸೇನೆಯ ವಿರುದ್ಧ ಕಾದುತ್ತಿದ್ದ ಅರೆಸೇನಾ ಪಡೆ ಆರ್‌ಎಸ್‌ಎಫ್ ಸುಮಾರು ಒಂದೂವರೆ ವರ್ಷ ಮುತ್ತಿಗೆ ಹಾಕಿ, 2025ರ ಅಕ್ಟೋಬರ್‌ನಲ್ಲಿ ವಶಪಡಿಸಿಕೊಂಡಿತು. ಆ ಅವಧಿಯಲ್ಲಿ ಜನ ಹೊಟ್ಟೆಗೆ ಹಾಕಿಕೊಂಡದ್ದು ‘ಅಂಬಾಜ್’, ಅಂದರೆ ಎಣ್ಣೆ ತೆಗೆದ ಶೇಂಗಾದ ಹಿಂಡಿ, ದನದ ಮೇವು. ಕಡೆಗೆ ಅದಕ್ಕೂ ತತ್ವಾರವಾಯಿತು. ನಾನು ದಾದಿಯಾಗಿದ್ದವಳು. ಬೂಸ್ಟು ಹಿಡಿದ ಹಿಂಡಿ ತಿಂದ ಮಗುವಿನ ಗತಿ ಏನೆಂದು ನನಗೆ ಯಾರೂ ಹೇಳಬೇಕಾಗಿಲ್ಲ.

ನೆರವಿನ ಲಾರಿಗಳನ್ನು ಸೇನೆ, ಆರ್‌ಎಸ್‌ಎಫ್ ಎರಡೂ ತಡೆದಿವೆ. (ಈ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ!) ಅಷ್ಟಾದರೂ ಹಸಿದವರಿಗೆ ಬೇಯಿಸಿ ಬಡಿಸುತ್ತಿರುವವರು ‘ತುರ್ತು ಸ್ಪಂದನಾ ಕೊಠಡಿ’ಗಳ ಸ್ಥಳೀಯ ಸ್ವಯಂಸೇವಕರು. 2025ರ ಆರಂಭದಲ್ಲಿ ಅಮೆರಿಕ ನೆರವಿಗೆ ಕತ್ತರಿ ಹಾಕಿದಾಗ ಅವರ ನೂರಾರು ಅಡುಗೆಮನೆಗಳು ಬಾಗಿಲು ಮುಚ್ಚಿದವು.

ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಕೇಂದ್ರ ಸರ್ಕಾರ ಅಲ್ಲಿಗೆ ಧಾನ್ಯ ಕಳುಹಿಸಲಿ. ಅದರಲ್ಲಿ ಒಂದು ಪಾಲು ಈ ಅಡುಗೆಮನೆಗಳಿಗೇ ಸೇರುವಂತೆ ಪಟ್ಟು ಹಿಡಿಯಲಿ. ತಾವೂ ವಿದೇಶ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಸುಡಾನ್‌ಗೆ ಜಾಗ ಕೊಡಿ.

– ನಿವೃತ್ತ ಶುಶ್ರೂಷಕಿ